14 ಶಿಖರ, ಒಂದು ಫೋಟೋ: ಎಡುರ್ನೆ ಪಸಬಾನ್ ‘ಮೊದಲ ಮಹಿಳೆ’ ಆಗಿದ್ದರ ಹಿಂದಿನ ಕಥೆ

2010ರ ಮೇ 17ನೇ ತಾರೀಕು ಟಿಬೆಟ್‌ನ ಶಿಶಾಪಂಗ್ಮಾ ತುದಿ ಮುಟ್ಟಿದಾಗ ಎಡುರ್ನೆ ಪಸಬಾನ್ ಅವ್ರ ಲೆಕ್ಕ ಪೂರ್ತಿ ಆಯ್ತು. ಜಗತ್ತಲ್ಲಿ 8000 ಮೀಟರ್‌ಗಿಂತ ಎತ್ತರದ ಶಿಖರ ಇರೋದು 14, ಅಷ್ಟೂ ಹತ್ತಿ ಮುಗಿಸಿದ್ರು. ಆದ್ರೆ ಆವತ್ತಿನ ನ್ಯೂಸ್ ಪ್ರಕಾರ ಅವ್ರು ಮೊದಲನೆಯವ್ರಲ್ಲ, ಎರಡನೆಯವ್ರು. ಯಾಕಂದ್ರೆ ಬರೀ 20 ದಿನ ಮುಂಚೆ, ಏಪ್ರಿಲ್ 27ಕ್ಕೆ, ಸೌತ್ ಕೊರಿಯಾದ ಓ ಉನ್-ಸನ್ ಅನ್ನಪೂರ್ಣ ಹತ್ತಿದ್ರು, ಅಲ್ಲಿನ ಕೆಬಿಎಸ್ ಟಿವಿ ಅದನ್ನ ಲೈವ್ ತೋರಿಸ್ತು, ‘14 ಶಿಖರ ಹತ್ತಿದ ಮೊದಲ ಹೆಂಗಸು’ ಅಂತ ಇಡೀ ದೇಶ ಸಂಭ್ರಮ ಪಟ್ಟಿತ್ತು. ನಾಲ್ಕು ತಿಂಗಳು ಕಳೆಯೋದ್ರೊಳಗೆ ಅದು ಉಲ್ಟಾ ಆಯ್ತು. ಇದು ಹೆಂಗಾಯ್ತು ಅಂತ ತಿಳ್ಕೊಳ್ಳೋಕೆ ಸ್ವಲ್ಪ ಹಿಂದೆ ಹೋಗ್ಬೇಕು.

ಪಸಬಾನ್ ಹುಟ್ಟಿದ್ದು 1973ರಲ್ಲಿ, ಸ್ಪೇನ್‌ನ ಉತ್ತರಕ್ಕಿರೋ ಬಾಸ್ಕ್ ಸೀಮೆಯ ಗಿಪುಸ್ಕೋವಾ ಜಿಲ್ಲೆಯ ತೊಲೋಸಾ ಅನ್ನೋ ಊರಲ್ಲಿ. ಗಿಪುಸ್ಕೋವಾದಲ್ಲಿ ದೊಡ್ಡ ಪರ್ವತ ಏನೂ ಇಲ್ಲ, ಅಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ ಆಯ್ಚುರಿ, ಅದೂ 1551 ಮೀಟರ್ ಅಷ್ಟೇ. ಆದ್ರೆ ಅಲ್ಲಿನ ಜನಕ್ಕೆ ಬೆಟ್ಟ ಅಂದ್ರೆ ಏನೋ ಒಂಥರ ಹುಚ್ಚು. ಭಾನುವಾರ ಬಂತಂದ್ರೆ ಮಕ್ಳು ಮರಿ ಮುದುಕ್ರು ಎಲ್ಲ ಬೂಟ್ ಹಾಕ್ಕೊಂಡು ಹೊರಟ್‌ಬಿಡ್ತಾರೆ, ಊರೂರಿಗೆ ಮೌಂಟೇನ್ ಕ್ಲಬ್ ಇದೆ, ಬಾಸ್ಕ್ ಪರ್ವತಾರೋಹಣ ಫೆಡರೇಷನ್ ಶುರುವಾಗಿದ್ದೇ 1924ರಲ್ಲಿ. ಇದ್ರಲ್ಲಿ ರಾಜಕೀಯಾನೂ ಇತ್ತು. ಫ್ರಾಂಕೋ ಸರ್ವಾಧಿಕಾರದಲ್ಲಿ ಬಾಸ್ಕ್ ಭಾಷೆ ಮೇಲೆ ಒತ್ತಡ, ಬಾಸ್ಕ್ ಬಾವುಟ ಇಕುರಿನ್ಯಾ ಬ್ಯಾನ್. ಕೆಳಗೆ ಊರಲ್ಲಿ ಹಾರಿಸಿದ್ರೆ ಪೊಲೀಸ್ ಬರ್ತಿದ್ರು, ಬೆಟ್ಟದ ಮೇಲೆ ಕೇಳೋರು ಕಮ್ಮಿ. ತಮ್ಮ ಮಾತು, ತಮ್ಮ ಹಾಡು, ತಮ್ಮ ಬಾವುಟ ಎಲ್ಲದಕ್ಕೂ ಉಸಿರಾಡೋಕೆ ಒಂದಿಷ್ಟು ಜಾಗ ಸಿಗ್ತಿದ್ದಿದ್ದು ಅಲ್ಲೇ. 1974ರಲ್ಲಿ ಚಿಮಿಸ್ಟ್ ಅನ್ನೋ ಬ್ಯಾಟರಿ ಬ್ರ್ಯಾಂಡ್ ಹೆಸರಲ್ಲಿ ಒಂದು ಬಾಸ್ಕ್ ಟೀಮ್ ಎವರೆಸ್ಟ್‌ಗೆ ಹೋಯ್ತು, ತುದಿ ಸಿಗ್ಲಿಲ್ಲ. ಆರು ವರ್ಷ ಬಿಟ್ಟು, 1980ರ ಮೇ 14ಕ್ಕೆ, ಮಾರ್ತಿನ್ ಸಬಾಲೇತಾ ಅನ್ನೋರು ಪಾಸಾಂಗ್ ತೆಂಬಾ ಶೆರ್ಪಾ ಜೊತೆ ಎವರೆಸ್ಟ್ ಹತ್ತಿ ಅಲ್ಲಿ ಇಕುರಿನ್ಯಾ ಹಾರಿಸಿದ್ರು. ಆಗ ಪಸಬಾನ್‌ಗೆ ಆರು ವರ್ಷ.

ಅಲ್ಲಿಂದ ಮುಂದೆ ಸುಮಾರು 30 ಲಕ್ಷ ಜನ ಇರೋ ಆ ಚಿಕ್ಕ ಸೀಮೆಯಿಂದ ದೊಡ್ಡ ದೊಡ್ಡ ಕ್ಲೈಂಬರ್‌ಗಳು ಬಂದ್ರು. ಹುವಾನಿತೊ ಓಯಾರ್ಸಾಬಾಲ್ 1999ರಲ್ಲಿ 14 ಶಿಖರಾನೂ ಮುಗಿಸಿದ್ರು, ಜಗತ್ತಲ್ಲಿ ಆರನೆಯವ್ರು. ಆಲ್ಬೆರ್ತೊ ಇನ್ಯುರಾತೆಗಿ 2002ರಲ್ಲಿ ಮುಗಿಸಿದ್ರು. ಅವ್ರ ಜೊತೆಗೇ ಹತ್ತುತ್ತಿದ್ದ ಅಣ್ಣ ಫೆಲಿಕ್ಸ್ 2000ದಲ್ಲಿ ಗಾಶರ್‌ಬ್ರುಮ್ 2 ಇಳಿಯುವಾಗ ತೀರ್ಕೊಂಡಿದ್ರು. ಅಂದ್ರೆ ಪಸಬಾನ್ ಬೆಳೆದ ವಾತಾವರಣದಲ್ಲಿ ಹಿಮಾಲಯಕ್ಕೆ ಹೋಗೋದು ವಿಚಿತ್ರ ಅಲ್ಲ, ಅಲ್ಲಿಂದ ವಾಪಸ್ ಬರದೇ ಇರೋದೂ ಹೊಸದಲ್ಲ.

ಅವ್ರು ಓದಿದ್ದು ಇಂಜಿನಿಯರಿಂಗ್. ಮನೆಯವ್ರದ್ದು ಪೇಪರ್ ಇಂಡಸ್ಟ್ರಿಗೆ ಬೇಕಾದ ಮಷಿನ್ ಮಾಡೋ ಫ್ಯಾಕ್ಟರಿ, ಓದು ಮುಗಿಸಿ ಅಲ್ಲೇ ಕೆಲ್ಸಕ್ಕೆ ಸೇರ್ಕೊಂಡ್ರು, ಮನೆಯವ್ರ ಲೆಕ್ಕದಲ್ಲಿ ಲೈಫ್ ಸೆಟಲ್. ಆದ್ರೆ ಟೀನೇಜ್‌ನಲ್ಲೇ ಊರಿನ ಕ್ಲಬ್ ಜೊತೆ ಶುರುವಾಗಿದ್ದ ಕ್ಲೈಂಬಿಂಗ್ ಬಿಡ್ಲಿಲ್ಲ. 2001ರ ಮೇ 23ಕ್ಕೆ ಎವರೆಸ್ಟ್ ಆಯ್ತು, ಆಕ್ಸಿಜನ್ ಸಿಲಿಂಡರ್ ಇಟ್ಕೊಂಡು (ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ). 2002ರಲ್ಲಿ ಮಕಾಲು ಮತ್ತೆ ಚೋ ಓಯು, 2003ರಲ್ಲಿ ಲ್ಹೋತ್ಸೆ, ಗಾಶರ್‌ಬ್ರುಮ್ 1 ಮತ್ತೆ 2, ಅದೂ ಆ ಎರಡಕ್ಕೆ ನಡುವೆ ಒಂದೇ ವಾರ ಗ್ಯಾಪ್.

ಆಮೇಲೆ ಕೆ2, ಎವರೆಸ್ಟ್ ಬಿಟ್ರೆ ಜಗತ್ತಲ್ಲಿ ಎಲ್ಲಕ್ಕಿಂತ ಎತ್ತರದ ಶಿಖರ. ಪಸಬಾನ್ 2004ರಲ್ಲಿ ಅಲ್ಲಿಗೆ ಹೋಗೋ ಹೊತ್ತಿಗೆ ಆ ಶಿಖರ ಮುಟ್ಟಿದ್ದ ಹೆಂಗಸರು ಐದೇ ಜನ, ಐದೂ ಜನ ಆಗ ಬದುಕಿರ್ಲಿಲ್ಲ. 1986ರಲ್ಲಿ ಮೊದಲು ಹತ್ತಿದ್ದ ಪೋಲೆಂಡ್‌ನ ವಾಂಡಾ ರುಟ್ಕಿಯೆವಿಚ್ 1992ರಲ್ಲಿ ಕಾಂಚನಜುಂಗಾದಲ್ಲಿ ಕಾಣೆಯಾದ್ರು. ಅದೇ 1986ರಲ್ಲಿ ಹತ್ತಿದ ಲಿಲಿಯಾನ್ ಬರಾರ್, ಜೂಲಿ ಟಲ್ಲಿಸ್ ಇಬ್ರೂ ಕೆ2 ಇಳಿಯುವಾಗಲೇ ಹೋದ್ರು. 1995ರಲ್ಲಿ ಆಲಿಸನ್ ಹಾರ್‌ಗ್ರೀವ್ಸ್ ಕೂಡ ಇಳಿಯುವಾಗಲೇ. 1992ರಲ್ಲಿ ಹತ್ತಿದ್ದ ಶಾಂಟಾಲ್ ಮೊಡ್ವಿ 1998ರಲ್ಲಿ ಧವಳಗಿರಿಯಲ್ಲಿ. ಪೇಪರ್‌ನವ್ರು ಇದಕ್ಕೆ ‘ಶಾಪ’ ಅಂತ ಹೆಸರಿಟ್ರು. ಶಾಪ ಗೀಪ ಏನೂ ಇಲ್ಲ, ಕೆ2 ಗಂಡಸ್ರನ್ನೂ ಹಂಗೇ ಸಾಯಿಸಿದೆ, ಆದ್ರೆ ಹೆಡ್‌ಲೈನ್‌ಗೆ ಅದು ಚೆನ್ನಾಗಿರುತ್ತಲ್ಲ. ಸ್ಪೇನ್‌ನ ಸರ್ಕಾರಿ ಟಿವಿಯ ಸಾಹಸ ಪ್ರೋಗ್ರಾಂ ಟೀಮ್ ಜೊತೆ ಜುಲೈ 26ಕ್ಕೆ ಪಸಬಾನ್ ತುದಿ ಮುಟ್ಟಿದ್ರು. ಇಳಿಯೋದು ಮಾತ್ರ ನರಕ ಆಯ್ತು, ಪೂರ್ತಿ ಸುಸ್ತು, ಫ್ರಾಸ್ಟ್‌ಬೈಟ್. ಅವ್ರ ಕಾಲಿನ ಎರಡು ಬೆರಳು ಕತ್ತರಿಸ್ಬೇಕಾಯ್ತು. ಜೊತೆಗಿದ್ದ ಓಯಾರ್ಸಾಬಾಲ್ ಅವ್ರಿಗೆ ಹತ್ತೂ ಬೆರಳು ಹೋಯ್ತು. ಜೀವಂತ ಇರೋರಲ್ಲಿ ಕೆ2 ಹತ್ತಿರೋ ಒಬ್ಬಳೇ ಹೆಂಗಸು ಅನ್ನೋ ಪಟ್ಟ ಆಮೇಲೆ ಎರಡು ವರ್ಷ ಅವ್ರ ಹತ್ರಾನೇ ಇತ್ತು, 2006ರಲ್ಲಿ ಇಟಲಿಯ ನಿವೆಸ್ ಮೆರೋಯ್ ಹತ್ತೋವರೆಗೂ.

2005ರಲ್ಲಿ ನಂಗಾ ಪರ್ಬತ್ ಆಯ್ತು, ಎಂಟನೇದು. 2006ರಲ್ಲಿ ಒಂದೂ ಇಲ್ಲ. ಡಿಪ್ರೆಷನ್. ಮೂವತ್ತು ದಾಟಿದೆ, ಜೊತೆಯವ್ರೆಲ್ಲ ಮದುವೆ ಮನೆ ಮಕ್ಳು ಅಂತ ಸೆಟಲ್ ಆಗಿದ್ದಾರೆ, ತಾನು ಮಾತ್ರ ಬೆಟ್ಟ ಬೆಟ್ಟ ಅಂತ ಏನು ಮಾಡ್ತಿದ್ದೀನಿ ಅನ್ನೋ ಪ್ರಶ್ನೆ ತಲೆಗೆ ಹೊಕ್ಕಿತ್ತು ಅಂತ ಅವ್ರೇ ಆಮೇಲೆ ಎಷ್ಟೋ ಕಡೆ ಓಪನ್ ಆಗಿ ಹೇಳಿದ್ದಾರೆ. ಆಸ್ಪತ್ರೆ ಸೇರ್ಬೇಕಾಯ್ತು, ಟ್ರೀಟ್‌ಮೆಂಟ್ ತಗೊಂಡ್ರು. ಸಾಹಸಿಗಳು ಇದನ್ನೆಲ್ಲ ಸಾಮಾನ್ಯವಾಗಿ ಮುಚ್ಚಿಡ್ತಾರೆ, ಸ್ಪಾನ್ಸರ್‌ಗಳಿಗೆ ಹಿಡಿಸಲ್ಲ. ಇವ್ರು ಮುಚ್ಚಿಡ್ಲಿಲ್ಲ. ನನ್ನ ಪ್ರಕಾರ ಅವ್ರ ಜೀವನದಲ್ಲಿ ಜನ ಜಾಸ್ತಿ ಮಾತಾಡ್ಬೇಕಾಗಿರೋದು ಇದ್ರ ಬಗ್ಗೆ, ಆದ್ರೆ ಹುಡುಕಿದ್ರೆ ಮೊದಲು ಸಿಗೋದು ‘ಮೊದಲ ಮಹಿಳೆ’ ಯಾರಾಗ್ತಾರೆ ಅನ್ನೋ ರೇಸ್ ಕಥೆನೇ.

2007ರಲ್ಲಿ ಬ್ರಾಡ್ ಪೀಕ್ ಹತ್ತಿ ವಾಪಸ್ ಶುರು ಮಾಡಿದ್ರು. ಒಂಬತ್ತಾಯ್ತು, ಇನ್ನು ಐದೇ ಬಾಕಿ. 14 ಮುಗಿಸ್ಬೇಕು ಅನ್ನೋ ಪ್ಲಾನ್ ಗಟ್ಟಿಯಾಗಿದ್ದು ಈ ಹೊತ್ತಿಗೇ, ಮೊದಲಿಂದ ಆ ಲೆಕ್ಕ ಇಟ್ಕೊಂಡು ಹೊರಟೋರಲ್ಲ. ಅಲ್ಲಿವರೆಗೂ 14 ಮುಗಿಸಿದ್ದೋರೆಲ್ಲ ಗಂಡಸ್ರೇ. ರುಟ್ಕಿಯೆವಿಚ್ ಎಂಟಕ್ಕೇ ನಿಂತಿದ್ರು. ಈಗ ಪಸಬಾನ್, ಆಸ್ಟ್ರಿಯಾದ ಗೆರ್ಲಿಂಡೆ ಕಾಲ್ಟೆನ್‌ಬ್ರುನ್ನರ್, ಮೆರೋಯ್ ಮೂರೂ ಜನ ಹತ್ರ ಹತ್ರ ನಂಬರ್‌ನಲ್ಲಿದ್ರು. ರೇಸ್ ಅನ್ನೋ ಪದ ಮೀಡಿಯಾದ್ದು. ಮೆರೋಯ್ ಅಂತೂ ರೇಸ್‌ನಲ್ಲಿ ಇರೋರ ಥರ ನಡ್ಕೊಳ್ಲೇ ಇಲ್ಲ, 2009ರಲ್ಲಿ ಕಾಂಚನಜುಂಗಾ ಹತ್ತುವಾಗ ಗಂಡ ರೊಮಾನೊ ಬೆನೆಟ್‌ಗೆ ಹುಷಾರಿಲ್ಲ ಅಂತ ಗೊತ್ತಾಗಿ ತಿರುಗಿ ಇಳಿದುಬಿಟ್ರು, ಆಮೇಲೆ ನೋಡಿದ್ರೆ ಅವ್ರಿಗೆ ಅಸ್ಥಿಮಜ್ಜೆಯ ದೊಡ್ಡ ಕಾಯಿಲೆ.

ರೇಸ್ ನಿಜವಾಗ್ಲೂ ರೇಸ್ ಆಗಿದ್ದು ಕೊರಿಯಾದಿಂದ. ಓ ಉನ್-ಸನ್ ಮತ್ತೆ ಗೋ ಮಿ-ಯಂಗ್, ಇಬ್ರ ಹಿಂದೆನೂ ಪೈಪೋಟಿಗೆ ಬಿದ್ದ ಎರಡು ಔಟ್‌ಡೋರ್ ಬಟ್ಟೆ ಕಂಪನಿ. ಓ 2008ರಲ್ಲಿ ನಾಲ್ಕು, 2009ರಲ್ಲಿ ನಾಲ್ಕು ಶಿಖರ ಅಂತ ಲೆಕ್ಕ ಹಾಕಿದ್ರು. 2009ರ ಜುಲೈ 10ಕ್ಕೆ ಇಬ್ರೂ ಒಂದೇ ದಿನ ನಂಗಾ ಪರ್ಬತ್ ತುದಿಯಲ್ಲಿದ್ರು, ಮಾರನೇ ದಿನ ಇಳಿಯುವಾಗ ಗೋ ಬಿದ್ದು ತೀರ್ಕೊಂಡ್ರು, ಅದು ಅವ್ರ 11ನೇ ಶಿಖರ. ಅಷ್ಟಾದ್ರೂ ರೇಸ್ ನಿಲ್ಲಲಿಲ್ಲ.

ಜಗಳ ಹುಟ್ಟಿದ್ದು ನಮ್ಮ ಸಿಕ್ಕಿಂ ಗಡಿಯಲ್ಲಿರೋ ಕಾಂಚನಜುಂಗಾದಲ್ಲಿ. ಓ ಹತ್ತಿದ್ದು ಅಂತ ಹೇಳಿದ ದಿನ 2009ರ ಮೇ 6, ಪಸಬಾನ್ ಹತ್ತಿದ್ದು ಮೇ 18. ಪಸಬಾನ್‌ಗೆ ಅದು 12ನೇದು, ಇಳಿಯುವಾಗ ಮತ್ತೆ ಕೆ2 ಥರಾನೇ, ಕಾಲೇ ಎತ್ತೋಕಾಗ್ದೆ ಕೂತುಬಿಟ್ರು, ಜೊತೆಯವ್ರು ಎಳ್ಕೊಂಡು ಬೈಕೊಂಡು ಕ್ಯಾಂಪ್‌ಗೆ ಇಳಿಸಿದ್ರು. ಇತ್ತ ಓ ತೋರಿಸಿದ ಶಿಖರದ ಫೋಟೋ ನೋಡಿ ಜನ ತಲೆ ಕೆರ್ಕೊಂಡ್ರು. ಫೋಟೋದಲ್ಲಿ ಅವ್ರು ನಿಂತಿರೋದು ಬರೀ ಬಂಡೆ ಮೇಲೆ, ಅದೇ ಸೀಸನ್‌ನಲ್ಲಿ ಹತ್ತಿದ ಬೇರೆಯವ್ರ ಫೋಟೋದಲ್ಲಿ ತುದಿ ತುಂಬ ಹಿಮ. ಹಿಂದಿನ ದೃಶ್ಯ ಕಾಣದಷ್ಟು ಮಂಜು. ಕೊನೆ ಭಾಗ ಅಷ್ಟು ಬೇಗ ಹೆಂಗೆ ಮುಗೀತು ಅನ್ನೋ ಡೌಟ್ ಬೇರೆ. ಜೊತೆಗಿದ್ದ ಶೆರ್ಪಾಗಳ ಮಾತೂ ಒಂದೇ ಥರ ಇರ್ಲಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ಕಾಂಚನಜುಂಗಾದ ಕಟ್ಟಕಡೆ ತುದಿಗೆ ಯಾರೂ ಕಾಲಿಡ್ಬಾರ್ದು ಅನ್ನೋದು ಮೊದಲಿಂದ್ಲೂ ಬಂದಿರೋ ಪದ್ಧತಿ. 1955ರಲ್ಲಿ ಮೊದಲು ಹತ್ತಿದ ಜೋ ಬ್ರೌನ್, ಜಾರ್ಜ್ ಬ್ಯಾಂಡ್ ಸಿಕ್ಕಿಂ ಚೋಗ್ಯಾಲ್ (ಅಂದ್ರೆ ರಾಜ) ಅವ್ರಿಗೆ ಕೊಟ್ಟ ಮಾತಿನಂತೆ ಸ್ವಲ್ಪ ಕೆಳಗೇ ನಿಂತಿದ್ರು, ಅಲ್ಲಿನ ಜನಕ್ಕೆ ಅದು ದೇವರ ಜಾಗ. ಅಂದ್ರೆ ತುದಿ ತುಳಿಯದೇ ಇರೋದೇ ಮರ್ಯಾದೆ ಆಗಿರೋ ಬೆಟ್ಟದಲ್ಲಿ ತುದಿ ಮುಟ್ಟಿದ್ರಾ ಇಲ್ವಾ ಅಂತ ಈ ರಂಪ. ಹಾಗಂತ ಓ ವಿಷ್ಯದಲ್ಲಿ ಪ್ರಶ್ನೆ ಇದ್ದಿದ್ದು ಆ ಕೊನೆ ನಾಲ್ಕಡಿ ಬಗ್ಗೆ ಅಲ್ಲ, ಅದಕ್ಕಿಂತ ತುಂಬ ಕೆಳಗೇ ನಿಂತ್ರಾ ಅನ್ನೋದು.

ಇದನ್ನೆಲ್ಲ ತೀರ್ಮಾನ ಮಾಡೋರು ಯಾರು? ಪರ್ವತಾರೋಹಣಕ್ಕೆ ಅಂಪೈರ್ ಇಲ್ಲ. ಇದ್ದಿದ್ದು ಕಾಠ್ಮಂಡುವಿನಲ್ಲಿ ಎಲಿಜಬೆತ್ ಹಾಲಿ ಅನ್ನೋ ಅಮೆರಿಕನ್ ಅಜ್ಜಿ. 1923ರಲ್ಲಿ ಹುಟ್ಟಿ, 1960ರಿಂದ ಅಲ್ಲೇ ಇದ್ದ ಪತ್ರಕರ್ತೆ, ಒಂದೇ ಒಂದು ಶಿಖರ ಹತ್ತಿದವ್ರಲ್ಲ. ಆದ್ರೆ ಯಾವ ಟೀಮ್ ಊರಿಗೆ ಬಂದ್ರೂ ಹೋಟೆಲ್‌ಗೆ ಹೋಗಿ ಕೂತು ಪ್ರಶ್ನೆ ಮೇಲೆ ಪ್ರಶ್ನೆ, ಯಾವ ಕಡೆಯಿಂದ ಹೋದ್ರಿ, ಎಷ್ಟೊತ್ತಿಗೆ ಮುಟ್ಟಿದ್ರಿ, ಮೇಲಿಂದ ಏನು ಕಾಣಿಸ್ತು. ದೊಡ್ಡ ದೊಡ್ಡ ಹೀರೋಗಳೂ ಆಕೆ ಮುಂದೆ ತೊದಲ್ತಿದ್ರಂತೆ. ಆಕೆ ಒಪ್ಪಿದ್ರೆ ಜಗತ್ತು ಒಪ್ಪಿದ ಹಾಗೆ. ಪಸಬಾನ್ ಓ ಬಗ್ಗೆ ಡೌಟ್ ಇದೆ ಅಂತ ಬಹಿರಂಗವಾಗಿ ಹೇಳಿದ್ಮೇಲೆ ಹಾಲಿ ತಮ್ಮ ದಾಖಲೆಯಲ್ಲಿ ಆ ಕ್ಲೈಂಬ್ ಮುಂದೆ ‘ವಿವಾದಿತ’ ಅಂತ ಬರೆದ್ರು. ಅಳಿಸಲಿಲ್ಲ, ಒಪ್ಪಲೂ ಇಲ್ಲ.

ಪಸಬಾನ್‌ಗೆ ಇದ್ರಲ್ಲಿ ಲಾಭ ಇತ್ತು, ಅದನ್ನ ಮುಚ್ಚಿಡೋ ಹಾಗಿಲ್ಲ. ಎದುರಾಳಿ ಬಗ್ಗೆ ಬೆರಳು ತೋರಿಸಿದೋರೇ ಗೆದ್ದವ್ರೂ ಆದ್ರು ಅಂತ ಕೊರಿಯಾದಲ್ಲಿ ಕೆಲವ್ರಿಗೆ ಸಿಟ್ಟು ಬಂದಿದ್ದು ಸಹಜ. ಆದ್ರೆ ಕೊನೆಗೆ ತೀರ್ಪು ಬಂದಿದ್ದು ಕೊರಿಯಾದಿಂದಲೇ. 2010ರ ಆಗಸ್ಟ್‌ನಲ್ಲಿ ಕೊರಿಯನ್ ಆಲ್ಪೈನ್ ಫೆಡರೇಷನ್, ಕಾಂಚನಜುಂಗಾ ಹತ್ತಿದ್ದ ತಮ್ಮ ದೇಶದ ಕ್ಲೈಂಬರ್‌ಗಳನ್ನೇ ಕೂರಿಸಿ ಫೋಟೋ ತೋರಿಸ್ತು, ಈ ಜಾಗ ಶಿಖರದ ಥರ ಕಾಣಲ್ಲ ಅಂತ ಅವ್ರು ಹೇಳಿದ್ರು, ಓ ಬಹುಶಃ ತುದಿ ಮುಟ್ಟಿಲ್ಲ ಅಂತ ಫೆಡರೇಷನ್ ಹೇಳಿಬಿಡ್ತು. ಓ ಮಾತ್ರ ಒಪ್ಪಲಿಲ್ಲ, ಹತ್ತಿದ್ದೀನಿ ಅಂತಲೇ ಹೇಳಿದ್ರು. ಅಲ್ಲಿಂದ ಪುಸ್ತಕಗಳಲ್ಲಿ ಪಸಬಾನ್ ಹೆಸರು ಮೊದಲಿಗೆ ಬಂತು. ಮಧ್ಯದಲ್ಲಿ ಅವ್ರು ಏಪ್ರಿಲ್ 17ಕ್ಕೆ ಅನ್ನಪೂರ್ಣ, ಸರಿಯಾಗಿ ಒಂದು ತಿಂಗಳಿಗೆ ಶಿಶಾಪಂಗ್ಮಾ ಮುಗಿಸಿದ್ರು.

ಆ ಆಕ್ಸಿಜನ್ ವಿಷ್ಯ ಈಗ ಬಂತು. ಎವರೆಸ್ಟ್‌ನಲ್ಲಿ ಸಿಲಿಂಡರ್ ಬಳಸಿದ್ದು ಅವ್ರ ಲೆಕ್ಕದಲ್ಲಿ ಒಂದು ಕೊರತೆಯಾಗಿ ಉಳಿದಿತ್ತು, 2011ರಲ್ಲಿ ಸಿಲಿಂಡರ್ ಇಲ್ದೆ ಮತ್ತೆ ಎವರೆಸ್ಟ್‌ಗೆ ಹೋದ್ರು, ಆಗ್ಲಿಲ್ಲ, ವಾಪಸ್ ಬಂದ್ರು. ಅದೇ ವರ್ಷ ಆಗಸ್ಟ್ 23ಕ್ಕೆ ಕಾಲ್ಟೆನ್‌ಬ್ರುನ್ನರ್ ಉತ್ತರದ ಕಡೆಯಿಂದ ಕೆ2 ಹತ್ತಿ, ಆಕ್ಸಿಜನ್ ಇಲ್ದೆ 14 ಮುಗಿಸಿದ ಮೊದಲ ಹೆಂಗಸಾದ್ರು. ಮೆರೋಯ್ ಗಂಡ ಹುಷಾರಾದ್ಮೇಲೆ ಅವ್ರ ಜೊತೆಗೇ ಹತ್ತಿ, 2017ರಲ್ಲಿ ನಿಧಾನಕ್ಕೆ ಮುಗಿಸಿದ್ರು.

ಇಲ್ಲಿಗೆ ಮುಗೀತು ಅನ್ಕೊಂಡ್ರೆ ಇಲ್ಲ. ಜರ್ಮನಿಯ ಎಬರ್‌ಹಾರ್ಡ್ ಯುರ್ಗಾಲ್ಸ್ಕಿ ಅನ್ನೋರ ಟೀಮ್ ವರ್ಷಗಟ್ಟಲೆ ಹಳೇ ಫೋಟೋಗಳನ್ನ ಹಿಡ್ಕೊಂಡು ಕೂತು, ಮನಾಸ್ಲು, ಅನ್ನಪೂರ್ಣ, ಧವಳಗಿರಿಯಲ್ಲೆಲ್ಲ ಎಷ್ಟೋ ಜನ ತುದಿ ಅನ್ಕೊಂಡು ಅದಕ್ಕಿಂತ ಸ್ವಲ್ಪ ಮುಂಚೆನೇ ನಿಂತಿದ್ದಾರೆ ಅಂತ ಹೇಳ್ತು. ಮನಾಸ್ಲುವಿನಲ್ಲಂತೂ 2021ರಲ್ಲಿ ಡ್ರೋನ್‌ನಿಂದ ತೆಗೆದ ಫೋಟೋದಲ್ಲಿ, ಜನ ಕ್ಯೂನಲ್ಲಿ ನಿಂತಿರೋ ಜಾಗದ ಆಚೆಗೆ ನಿಜವಾದ ತುದಿ ಎದ್ದು ಕಾಣಿಸ್ತು. 2023ರಲ್ಲಿ ಗಿನ್ನೆಸ್ ಈ ಲೆಕ್ಕ ಒಪ್ಕೊಂಡು 14 ಶಿಖರ ಎಲ್ಲರಿಗಿಂತ ಮೊದಲು ಮುಗಿಸಿದವ್ರು ಅನ್ನೋ ರೈನ್‌ಹೋಲ್ಡ್ ಮೆಸ್ನರ್ ಅವ್ರ ಪಟ್ಟವನ್ನೇ ಬೇರೆಯವ್ರಿಗೆ ಕೊಟ್ಟಾಗ ದೊಡ್ಡ ಗಲಾಟೆ ಆಯ್ತು. ಹೆಂಗಸರ ಪಟ್ಟಿಯಲ್ಲಿ ಹೊಸ ಲೆಕ್ಕದ ಪ್ರಕಾರ ಮೊದಲ ಹೆಸರು ಚೀನಾದ ಡಾಂಗ್ ಹಾಂಗ್-ಜುವಾನ್, 2023ರಲ್ಲಿ ಮುಗಿಸಿದವ್ರು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕೋದು ಸರಿಯಲ್ಲ ಅನ್ಸುತ್ತೆ ನಂಗೆ. ಜಿಪಿಎಸ್, ಡ್ರೋನ್ ಇಲ್ದಿದ್ದ ಕಾಲದಲ್ಲಿ, ಮಂಜಿನಲ್ಲಿ, ಆಗಿನೋರೆಲ್ಲ ತುದಿ ಅಂತ ನಂಬಿದ್ದ ಜಾಗದಲ್ಲಿ ನಿಲ್ಲೋದು ಬೇರೆ. ಹತ್ತದೇ ಹತ್ತಿದ್ದೀನಿ ಅನ್ನೋದು ಬೇರೆ, 2016ರಲ್ಲಿ ಪುಣೆಯ ಪೊಲೀಸ್ ದಂಪತಿ ಬೇರೆಯವ್ರ ಎವರೆಸ್ಟ್ ಫೋಟೋ ತಿದ್ದಿ ಸಿಕ್ಕಿಬಿದ್ದು ನೇಪಾಳ ಅವ್ರಿಗೆ 10 ವರ್ಷ ಬ್ಯಾನ್ ಹಾಕಿತ್ತಲ್ಲ, ಹಂಗೆ. ಓ ಕೇಸ್ ಇವೆರಡರ ಮಧ್ಯೆ ಎಲ್ಲೋ ಬರುತ್ತೆ. ಹಾಲಿ 2018ರಲ್ಲಿ ತೀರ್ಕೊಂಡ್ರು, ಅವ್ರು ಶುರು ಮಾಡಿದ ಹಿಮಾಲಯನ್ ಡೇಟಾಬೇಸ್ ಈಗ್ಲೂ ನಡೀತಿದೆ. ಪಸಬಾನ್ ಈಗ ಕಂಪನಿಗಳಲ್ಲಿ, ಬಿಸಿನೆಸ್ ಸ್ಕೂಲ್‌ಗಳಲ್ಲಿ ಟೀಮ್ ವರ್ಕ್ ಬಗ್ಗೆ ಟಾಕ್ ಕೊಡ್ತಾರೆ, ಡಿಪ್ರೆಷನ್ ಬಗ್ಗೆನೂ ಮಾತಾಡ್ತಾರೆ.