ಸರ್ಕಲ್ಲಿಗೆ ಕಾಣುವ ಮುಖ ಮಳೆಗೂ ಕಾಣುತ್ತದೆ

ಮೂಲೆ ನಿವೇಶನ ಕೊಂಡವರು ಕಟ್ಟಡದ ನಕ್ಷೆ ಬರೆಯುವ ನನ್ನ ಬಳಿಗೆ ಬರುವಾಗ ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತಂದಿರುತ್ತಾರೆ: ನಾಲ್ಕು ಅಂತಸ್ತು, ಮೂಲೆಯಲ್ಲಿ ನೀಲಿ ಗಾಜಿನ ದುಂಡು ಗೋಪುರ. ಶಿವಮೊಗ್ಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೇಳಿದ್ದೂ ಅದನ್ನೇ. "ಸರ್ಕಲ್ಲಿನಲ್ಲಿ ನಿಂತವರು ತಲೆ ಎತ್ತಿ ನೋಡಬೇಕು ಸಾರ್."

ಅವರ ನಿವೇಶನಕ್ಕೆ ಪಶ್ಚಿಮದಲ್ಲಿ ದೊಡ್ಡ ರಸ್ತೆ, ದಕ್ಷಿಣದಲ್ಲಿ ಚಿಕ್ಕದು. ಅಂದರೆ ಸರ್ಕಲ್ಲಿಗೆ ಕಾಣುವುದು ನೈಋತ್ಯದ ಮೂಲೆ. ಮುಂಗಾರು ಅಪ್ಪಳಿಸುವುದೂ ಅತ್ತಲಿಂದಲೇ, ಬೇಸಿಗೆಯ ಸಂಜೆ ಬಿಸಿಲು ಸುಡುವುದೂ ಅತ್ತಲಿಂದಲೇ. ನಾನು ಕೇಳಿದೆ: "ಊರಿನ ಮನೆಯ ಪಡುವಣ ಜಗಲಿಗೆ ಮಳೆಗಾಲದಲ್ಲಿ ಏನು ಕಟ್ಟುತ್ತಿದ್ದಿರಿ?" "ಅಡಿಕೆ ಸೋಗೆಯ ತಟ್ಟಿ," ಎಂದವರು ಸ್ವಲ್ಪ ಹೊತ್ತು ಸುಮ್ಮನಾದರು.

ಗಾಜು ಮಳೆಗೆ ಕರಗುವುದಿಲ್ಲ, ನಿಜ. ಸೋರುವುದು ಗಾಜಿನ ಸುತ್ತಲಿನ ಸಂದು. ಗಾಳಿ ತಳ್ಳಿದ ನೀರು ಚೌಕಟ್ಟಿನ ಅಂಚಿನಲ್ಲಿ ದಾರಿ ಹುಡುಕಿಕೊಳ್ಳುತ್ತದೆ; ಸಂದಿಗೆ ತುಂಬಿದ ಸಿಲಿಕೋನ್ ಅಂಚು ಬಿಟ್ಟ ಮೇಲಂತೂ ಕೇಳುವುದೇ ಬೇಡ. ಸಜ್ಜಾ ಇಲ್ಲದ ಗೋಡೆಯ ಮೇಲೆ ಕೆಲವೇ ಮಳೆಗಾಲಗಳಲ್ಲಿ ಪಾಚಿಯ ಕಪ್ಪು ಗೆರೆಗಳು ಇಳಿಯುತ್ತವೆ. ಆಗಲೂ ಸರ್ಕಲ್ಲಿನವರು ತಲೆ ಎತ್ತಿ ನೋಡುತ್ತಾರೆ.

ಹಾಗಾಗಿ ಆ ಮೂಲೆಗೆ ಗೋಪುರದ ಬದಲು ಪ್ರತಿ ಅಂತಸ್ತಿನಲ್ಲೂ ಆರು ಅಡಿ ಆಳದ ಬಾಲ್ಕನಿ ಬರೆದೆ. ಎರಚಲು ಅಲ್ಲೇ ನಿಲ್ಲುತ್ತದೆ, ಕೋಣೆಯ ಕಿಟಕಿಗೆ ಬರುವುದಿಲ್ಲ. ಚಪ್ಪಡಿಯ ಅಂಚಿನ ಅಡಿಭಾಗದಲ್ಲಿ ಉದ್ದಕ್ಕೂ ಸಣ್ಣ ಗೀರು ಬಿಡಬೇಕು. ಅದಿಲ್ಲದಿದ್ದರೆ ನೀರು ತಳವನ್ನೇ ಹಿಡಿದು ಒಳಗೆ ಹರಿಯುತ್ತದೆ. ಗಾರೆಯವರು ಮರೆಯುವ ಕೆಲಸ ಇದು, ನಾನೇ ನಿಂತು ಮಾಡಿಸುತ್ತೇನೆ. ಮಲೆನಾಡಿನಲ್ಲಿ ಅಪಾರ್ಟ್‌ಮೆಂಟಿನ ನಿಜವಾದ ಜಗಳ ಬಟ್ಟೆ ಒಣಗಿಸುವ ಜಾಗದ್ದು. ಅದನ್ನು ನಕ್ಷೆಯಲ್ಲೇ ಕೊಡದಿದ್ದರೆ ಆಷಾಢದಲ್ಲಿ ಬೆಡ್‌ಶೀಟುಗಳೇ ಕಟ್ಟಡದ ಮುಖವಾಗುತ್ತವೆ. ಅದಕ್ಕೆಂದೇ ಬಾಲ್ಕನಿಯ ಹಿಂಬದಿಗೆ ಜಾಲಂಧ್ರ ಹಾಕಿದ ಒಂದು ಓಣಿ ಇಟ್ಟೆ.

ವಾಸ್ತುವಿನವರು ನೈಋತ್ಯ ಭಾರವಾಗಿರಲಿ, ಗಾಜು ಬೇಡ ಎಂದರು. ಅವರ ಕಾರಣ ಬೇರೆ, ಆದರೆ ಆ ದಿನ ಅವರು ನನ್ನ ಪಕ್ಷ.

ನೆಲಮಟ್ಟದಲ್ಲಿ ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದೇನೆ, ತಿರುಗುವ ಸ್ಕೂಟರಿನವನಿಗೆ ಎದುರಿನ ಬಸ್ ಕಾಣಬೇಕಲ್ಲ. ಅಂಗಡಿಗಳು ದೊಡ್ಡ ರಸ್ತೆಗೆ. ಕಾರಿನ ಗೇಟು ಚಿಕ್ಕ ರಸ್ತೆಯಲ್ಲಿ, ಸರ್ಕಲ್ಲಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ನೆಲಮಾಳಿಗೆಯ ಇಳಿಜಾರು ಇಳಿಯುವ ಮೊದಲು ರಸ್ತೆಗಿಂತ ಒಂದು ಅಡಿ ಏರಬೇಕು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗುತ್ತಲೇ ಹೋಗುತ್ತದೆ. ಈ ದಿಬ್ಬವಿಲ್ಲದಿದ್ದರೆ ಚರಂಡಿ ಉಕ್ಕಿದ ದಿನ ಕಾರುಗಳು ಕೆರೆಯಲ್ಲಿ. ಮೇಲಿನ ನೀರಿನದೂ ಸಣ್ಣ ಲೆಕ್ಕವಲ್ಲ: 800 ಚದರ ಮೀಟರ್ ತಾರಸಿಯ ಮೇಲೆ 30 ಮಿಲಿಮೀಟರ್ ಮಳೆ ಬಿದ್ದರೆ 24,000 ಲೀಟರ್. ಅದಕ್ಕೆ ತೊಟ್ಟಿಯನ್ನು ಅಡಿಪಾಯ ತೋಡುವಾಗಲೇ ಕಟ್ಟಬೇಕು.

ನೀಲಿ ಗಾಜು ಪೂರ್ತಿ ಹೋಗಲಿಲ್ಲ. ಪೂರ್ವದ ಮೆಟ್ಟಿಲಿಗೆ ಒಂದು ಉದ್ದನೆಯ ಪಟ್ಟಿ ಕೊಟ್ಟಿದ್ದೇನೆ. ಸರ್ಕಲ್ಲಿನಿಂದ ಅದು ಕಾಣುವುದಿಲ್ಲ, ಅವರಿಗೂ ಗೊತ್ತು.