ಗೆಲ್ಲಿಸಿದ ಗುಣವೇ ಸೋಲಿಸುವಾಗ

ಕಾಸರಗೋಡಿನ ಫುಟ್ಬಾಲ್ ಅಭಿಮಾನಿಗಳು 2023ರ ಮಾರ್ಚ್ 3ನ್ನು ಮರೆತಿರಲಾರರು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯ. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಕೇರಳ ಬ್ಲಾಸ್ಟರ್ಸ್. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಕನ್ನಡಿಗರಿಗೆ ಈ ಪಂದ್ಯ ಯಾವತ್ತೂ ಸುಲಭದ್ದಲ್ಲ. ಮಾತು ಕನ್ನಡ, ರಾಜ್ಯ ಕೇರಳ. ಒಂದೇ ಮನೆಯಲ್ಲಿ ಅಣ್ಣ ನೀಲಿ, ತಮ್ಮ ಹಳದಿ. ಬ್ಲಾಸ್ಟರ್ಸ್ ಮೇಲಿನ ಪ್ರೀತಿಗೆ ಊರಿನ ಕಾರಣವೂ ಇದೆ. 2016ರ ಫೈನಲ್‌ನಲ್ಲಿ ಹೆಡರ್ ಹೊಡೆದು ಆ ತಂಡಕ್ಕೆ ಗೋಲು ತಂದುಕೊಟ್ಟ ಮೊಹಮ್ಮದ್ ರಫಿ ನಮ್ಮ ಜಿಲ್ಲೆಯ ತೃಕ್ಕರಿಪುರದವರು.

ಹೆಚ್ಚುವರಿ ಸಮಯ, 96ನೇ ನಿಮಿಷ. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಚೆಂಡು ತಡೆಯಲು ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದರು. ಬೆಂಗಳೂರಿನ ಸುನಿಲ್ ಛೆಟ್ರಿ ಕಾಯಲಿಲ್ಲ, ಚೆಂಡು ಬಲೆಯೊಳಗೆ. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನು ಮೈದಾನದಿಂದಲೇ ಹೊರಗೆ ಕರೆದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಆಮೇಲೆ ಫುಟ್ಬಾಲ್ ಫೆಡರೇಷನ್ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, ಜತೆಗೆ 5 ಲಕ್ಷ ದಂಡ.

ಇವಾನ್ ದುಡುಕಿದರು ಎಂದಷ್ಟೇ ಹೇಳಿದರೆ ಅರ್ಧ ಕತೆ. 2021ರಲ್ಲಿ ಅವರು ಬರುವಾಗ ಬ್ಲಾಸ್ಟರ್ಸ್ ಹಿಂದಿನ ಸೀಸನ್‌ನಲ್ಲಿ 10ನೇ ಸ್ಥಾನಕ್ಕೆ ಕುಸಿದಿತ್ತು. ಮೊದಲ ವರ್ಷವೇ ತಂಡ ಫೈನಲ್ ತಲುಪಿತು. ಇದನ್ನು ಬರೀ ತಂತ್ರ ಸಾಧಿಸಲಿಲ್ಲ. ಆಟಗಾರರ ಬೆನ್ನಿಗೆ ನಿಲ್ಲುವವರು ಅವರು. ತಂಡಕ್ಕೆ ಅನ್ಯಾಯ ಆಯಿತು ಅನಿಸಿದರೆ ಸುಮ್ನೆ ಕೂರುವ ಜಾಯಮಾನ ಅಲ್ಲ. ಅದಕ್ಕೇ ಜನ ಅವರನ್ನು 'ಆಶಾನ್', ಅಂದರೆ ಗುರು, ಎಂದು ಕರೆದರು. ಕಂಠೀರವದಲ್ಲಿ ಕೆಲಸ ಮಾಡಿದ್ದೂ ಅದೇ ಗುಣ. ಆಟ ಮುಗಿಯಲು ಇನ್ನೂ ಸಮಯವಿತ್ತು, ಒಂದೇ ಗೋಲಿನ ಅಂತರ. ಸಮ ಮಾಡಬಹುದಿತ್ತು. ಅಭಿಮಾನಿಗಳು ಅವರಲ್ಲಿ ಮೆಚ್ಚಿದ್ದ ನಿಷ್ಠೆಯೇ ಆ ಅವಕಾಶವನ್ನು ಕಿತ್ತುಕೊಂಡಿತು.

ಫುಟ್ಬಾಲ್ ಚರಿತ್ರೆ ನೋಡಿದರೆ ಇದು ಮತ್ತೆ ಮತ್ತೆ ನಡೆದಿದೆ. ಕೋಚ್ ಸೋತಾಗ ನಾವು ಅವರ ಹೊಸ ತಪ್ಪು ಹುಡುಕುತ್ತೇವೆ. ಜಾಸ್ತಿ ಸಲ ಹೊಸ ತಪ್ಪು ಇರುವುದೇ ಇಲ್ಲ. ಹಳೆಯ ಗುಣವೇ ಇರುತ್ತದೆ, ಸುತ್ತಲಿನ ಪರಿಸ್ಥಿತಿ ಬದಲಾಗಿರುತ್ತದೆ.

ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಅವರಿಂದ ಶುರು ಮಾಡೋಣ. ತಮ್ಮ ಮಾತೇ ಕೊನೆಯದು ಎನ್ನುವಂಥ ಆತ್ಮವಿಶ್ವಾಸ. ಅದೇ ವಿಶ್ವಾಸದಿಂದ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಸಾಧಾರಣ ಕ್ಲಬ್ಬನ್ನು 1979 ಮತ್ತು 1980ರಲ್ಲಿ ಯುರೋಪಿನ ಚಾಂಪಿಯನ್ ಮಾಡಿದರು. ಆದರೆ ಅದಕ್ಕೂ ಮೊದಲು, 1974ರಲ್ಲಿ, ಲೀಡ್ಸ್ ಕ್ಲಬ್‌ನಲ್ಲಿ ಅವರು ಉಳಿದದ್ದು ಬರೀ 44 ದಿನ. ಎರಡರ ನಡುವೆ ಏನು ವ್ಯತ್ಯಾಸ? ಫಾರೆಸ್ಟ್ ಗೆಲ್ಲುವಾಗ ಪಕ್ಕದಲ್ಲಿ ಪೀಟರ್ ಟೇಲರ್ ಇದ್ದರು. ಆಟಗಾರರನ್ನು ಗುರುತಿಸುವ ಕಣ್ಣು ಟೇಲರ್‌ದು. ಕ್ಲಫ್‌ಗೆ ಎದುರು ಮಾತಾಡುವ ಸಲಿಗೆಯೂ ಅವರಿಗಿತ್ತು. ಲೀಡ್ಸ್‌ಗೆ ಟೇಲರ್ ಬಂದಿರಲಿಲ್ಲ. 1982ರಲ್ಲಿ ಅವರು ಫಾರೆಸ್ಟ್ ಬಿಟ್ಟ ಮೇಲೆ ಕ್ಲಫ್ ಮತ್ತೆ ಯುರೋಪಿನ ಕಪ್ ಗೆಲ್ಲಲಿಲ್ಲ. 1993ರಲ್ಲಿ ಫಾರೆಸ್ಟ್ ಕೆಳಗಿನ ಡಿವಿಷನ್‌ಗೆ ಇಳಿಯಿತು, ಕ್ಲಫ್ ನಿವೃತ್ತರಾದರು.

ಜೋಸೆ ಮೌರಿನ್ಯೊ ಅವರದು ಇನ್ನೂ ಸ್ಪಷ್ಟ. ಹೊರಗಿನವರೆಲ್ಲ ನಮ್ಮ ವಿರುದ್ಧ, ನಾವು ಒಂದಾಗಿರಬೇಕು ಎಂಬ ಭಾವನೆಯನ್ನು ತಂಡದೊಳಗೆ ತುಂಬುವುದರಲ್ಲಿ ಅವರಷ್ಟು ನಿಪುಣರು ಕಡಿಮೆ. 2004–05ರಲ್ಲಿ ಚೆಲ್ಸಿ ಇಡೀ ಲೀಗ್‌ನಲ್ಲಿ ಬಿಟ್ಟುಕೊಟ್ಟದ್ದು 15 ಗೋಲು ಮಾತ್ರ. 2010ರಲ್ಲಿ ಇಂಟರ್ ಮಿಲಾನ್‌ಗೆ ಒಂದೇ ಸೀಸನ್‌ನಲ್ಲಿ ಮೂರು ಕಪ್. ಹೀಗೆ ಹಗಲಿರುಳು ಸಿಟ್ಟಿನಲ್ಲಿ ಬದುಕಲು ಆಟಗಾರರಿಗೆ ಎಷ್ಟು ದಿನ ಸಾಧ್ಯ? ಹೊರಗಿನ ಶತ್ರು ಸಾಲದಾದಾಗ ಸಿಟ್ಟು ಒಳಗೆ ತಿರುಗುತ್ತದೆ. ರಿಯಲ್ ಮ್ಯಾಡ್ರಿಡ್‌ನಲ್ಲಿ ನಾಯಕ ಕಸಿಯಾಸ್ ಅವರನ್ನೇ ಹೊರಗಿಟ್ಟರು. 2015ರ ಮೇ ತಿಂಗಳಲ್ಲಿ ಚೆಲ್ಸಿಗೆ ಲೀಗ್ ಗೆಲ್ಲಿಸಿದವರು ಅದೇ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಆಗ ತಂಡ 16ನೇ ಸ್ಥಾನದಲ್ಲಿತ್ತು.

ಆರ್ಸೆನ್ ವೆಂಗರ್ ಇದಕ್ಕೆ ತದ್ವಿರುದ್ಧ. ಆಟಗಾರರ ಮೇಲೆ ಅವರಿಗೆ ನಂಬಿಕೆ. 2003–04ರಲ್ಲಿ ಆರ್ಸೆನಲ್ ಒಂದೂ ಸೋಲಿಲ್ಲದೆ ಲೀಗ್ ಗೆದ್ದಿತು. ಅದೇ ನಂಬಿಕೆ ಮುಂದೆ, ಬದಲಾಯಿಸಬೇಕಾದವರನ್ನೂ ಉಳಿಸಿಕೊಳ್ಳುವ ಹಟವಾಯಿತು.

ನನಗೆ ಜಾಸ್ತಿ ನೋವು ಕೊಟ್ಟದ್ದು ಮಾರ್ಸೆಲೊ ಬಿಯೆಲ್ಸಾ. 16 ವರ್ಷಗಳ ಬಳಿಕ, 2020ರಲ್ಲಿ, ಲೀಡ್ಸನ್ನು ಪ್ರೀಮಿಯರ್ ಲೀಗ್‌ಗೆ ಮರಳಿ ತಂದವರು. ಎದುರಾಳಿಯ ಒಬ್ಬೊಬ್ಬನಿಗೂ ನಮ್ಮ ಒಬ್ಬೊಬ್ಬ, ಮೈದಾನದ ಉದ್ದಗಲಕ್ಕೂ ಓಟ, ತಂಡದಲ್ಲಿ ಕೆಲವೇ ಆಟಗಾರರು. ಅವರ ಪದ್ಧತಿ ಅಷ್ಟೇ. ಎಲ್ಲರೂ ಗಟ್ಟಿ ಇದ್ದಾಗ ಆ ಆಟ ನೋಡುವುದೇ ಒಂದು ಸುಖ. ಗಾಯದಿಂದ ಮುಖ್ಯ ಆಟಗಾರರು ಹೊರಗುಳಿದಾಗ ಬದಲಿಗೆ ಜನ ಇರಲಿಲ್ಲ. ಒಬ್ಬ ತಪ್ಪಿಸಿಕೊಂಡರೆ ಇಡೀ ಡಿಫೆನ್ಸ್ ಬಿಚ್ಚಿಕೊಳ್ಳುತ್ತಿತ್ತು. 2022ರ ಫೆಬ್ರವರಿ ಒಂದೇ ತಿಂಗಳಲ್ಲಿ ಲೀಡ್ಸ್ 20 ಗೋಲು ಬಿಟ್ಟುಕೊಟ್ಟಿತು. ಬಿಯೆಲ್ಸಾ ಪದ್ಧತಿ ಬದಲಾಯಿಸಲಿಲ್ಲ. ತಿಂಗಳು ಮುಗಿಯುವ ಮೊದಲೇ ಕ್ಲಬ್ ಅವರನ್ನು ಬದಲಾಯಿಸಿತು.

ನಮ್ಮ ಕಡೆಯ ಸೆವೆನ್ಸ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಏಳು ಜನರ ಆಟ, ಚಿಕ್ಕ ಮೈದಾನ. ಅಲ್ಲಿನ ಮ್ಯಾನೇಜರ್‌ನ ಶಕ್ತಿ ಎಂದರೆ ಒಂದು ರಾತ್ರಿಯ ಪಂದ್ಯಕ್ಕೆ ಒಳ್ಳೆಯ ಆಟಗಾರರನ್ನು ಹೇಗಾದರೂ ಹೊಂದಿಸುವುದು. ಟೂರ್ನಮೆಂಟ್ ಗೆಲ್ಲಲು ಅದು ಬೇಕೇ ಬೇಕು. ಆದರೆ ಎರಡು ಮೂರು ವರ್ಷ ಕಾದು ಊರಿನ ಹುಡುಗರನ್ನು ಬೆಳೆಸಬೇಕಾದ ಕಡೆ, ಇವತ್ತೇ ಗೆಲ್ಲಬೇಕೆಂಬ ಅದೇ ಅವಸರ ಅಡ್ಡ ಬರುತ್ತದೆ ಅಲ್ವಾ?

ಭಾರತ ತಂಡದ ಕತೆಯೂ ಬೇರೆಯಲ್ಲ. ಸ್ಟೀಫನ್ ಕಾನ್‌ಸ್ಟಂಟೈನ್ 2015ರಲ್ಲಿ ಎರಡನೇ ಸಲ ಕೋಚ್ ಆದ ಹೊತ್ತಿಗೆ ಭಾರತ ಫಿಫಾ ಪಟ್ಟಿಯಲ್ಲಿ 173ನೇ ಸ್ಥಾನಕ್ಕೆ ಇಳಿದಿತ್ತು. 2017ರಲ್ಲಿ 96ಕ್ಕೆ ಏರಿತು. ಗಟ್ಟಿ ಡಿಫೆನ್ಸ್, ಚೆಂಡು ಸಿಕ್ಕಾಗ ನೇರ ದಾಳಿ. ಸುಲಭಕ್ಕೆ ಸೋಲದ ತಂಡ ಕಟ್ಟಿದರು. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4–1 ಗೆಲುವು. ಕೊನೆಯ ಗುಂಪು ಪಂದ್ಯದಲ್ಲಿ ಬಹ್ರೇನ್ ಎದುರು ಡ್ರಾ ಮಾಡಿದ್ದರೂ ಭಾರತ ಮುಂದಿನ ಸುತ್ತಿಗೆ ಹೋಗುತ್ತಿತ್ತು. ತಂಡ ಹಿಂದೆ ಸರಿದು ಕಾಯುತ್ತಾ ನಿಂತಿತು. ತಡೆಯುವುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು, ಚೆಂಡನ್ನು ತನ್ನ ಬಳಿ ಇಟ್ಟುಕೊಂಡು ಸಮಯ ಕಳೆಯುವುದು ಗೊತ್ತಿರಲಿಲ್ಲ. 91ನೇ ನಿಮಿಷದಲ್ಲಿ ಪೆನಾಲ್ಟಿ, ಗೋಲು, ಸೋಲು. ಪಂದ್ಯ ಮುಗಿದ ಕೂಡಲೇ ಕಾನ್‌ಸ್ಟಂಟೈನ್ ರಾಜೀನಾಮೆ ಕೊಟ್ಟರು.

ತಮ್ಮದೇ ಪದ್ಧತಿಯನ್ನು ಮುರಿಯಲು ಧೈರ್ಯ ಮಾಡಿದ ಕೋಚ್ ನಮ್ಮಲ್ಲೇ ಇದ್ದರು ಎನ್ನುವುದು ನನಗೆ ಹೆಮ್ಮೆಯ ವಿಷಯ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಲ್ಲಿ ಶಾಲಾ ಮೇಷ್ಟ್ರು. 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದುಕೊಟ್ಟರು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತ 10–1ರಿಂದ ಸೋತಿತು. ಚಿನ್ನ ಗೆಲ್ಲಿಸಿದ ಆಟವೇ ಸಾಕು ಎಂದು ರಹೀಮ್ ಕೂರಲಿಲ್ಲ. ಬರಿಗಾಲಿನ ಆಟ ಹೋಯಿತು, ಬೂಟು ಬಂತು, ಆಟಗಾರರು ನಿಲ್ಲುವ ಜಾಗಗಳೂ ಬದಲಾದವು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆಯಿತು.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ರಹೀಮ್ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ತಂಡದ ದೊಡ್ಡ ಬಲ ಡಿಫೆಂಡರ್ ಜರ್ನೈಲ್ ಸಿಂಗ್. ಅವರ ತಲೆಗೆ ಗಾಯವಾಗಿ ಹೊಲಿಗೆ ಬಿದ್ದಿತ್ತು. ಬೇರೆಯವರಾಗಿದ್ದರೆ ಹೊರಗೆ ಕೂರಿಸುತ್ತಿದ್ದರು, ಇಲ್ಲವೇ ಹಿಂದಿನ ಜಾಗದಲ್ಲೇ ನಿಲ್ಲಿಸುತ್ತಿದ್ದರು. ರಹೀಮ್ ಮಾತ್ರ ಜರ್ನೈಲ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ, ಗೋಲು ಹೊಡೆಯಲು ಮುಂದಕ್ಕೆ ಕಳಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲೂ ಹೊಡೆದರು. ಭಾರತ 2–1ರಿಂದ ಚಿನ್ನ ಗೆದ್ದಿತು.