ವಿಷಯ ಸಂಖ್ಯೆ 1: ಹಿಂದಿನ ಸಭೆಯ ನಡಾವಳಿ

ನಮ್ಮ ಚಿಕ್ಕಮ್ಮ ಒಂದು ಅವಧಿಗೆ ಪುರಸಭೆಯ ಸದಸ್ಯೆಯಾಗಿದ್ದರು. ಮಲೆನಾಡಿನ ಒಂದು ಸಣ್ಣ ಪಟ್ಟಣ, ಊರಿನ ಹೆಸರು ಬೇಡ. ಅವರ ಕಬ್ಬಿಣದ ಟ್ರಂಕಿನಲ್ಲಿ ಇವತ್ತಿಗೂ ಒಂದು ಕಟ್ಟು ಕಾಗದ ಇದೆ. ಎಲ್ಲಾ ಸಾಮಾನ್ಯ ಸಭೆಯ ಅಜೆಂಡಾಗಳು. ಮಳೆಗಾಲದ ತೇವಕ್ಕೆ ಅಂಚು ಕಂದಿದೆ, ಪಿನ್ನು ತುಕ್ಕು ಹಿಡಿದಿದೆ.

ಹೋದ ಬೇಸಿಗೆಯಲ್ಲಿ ಅದನ್ನು ಬಿಚ್ಚಿ ಕೂತೆ. ಪ್ರತಿ ಅಜೆಂಡಾ ಶುರುವಾಗುವುದೂ ಒಂದೇ ಸಾಲಿನಿಂದ: ವಿಷಯ ಸಂಖ್ಯೆ 1, ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ಬಗ್ಗೆ. ಎರಡನೆಯದು ತಿಂಗಳ ಜಮಾ-ಖರ್ಚು. ಆಮೇಲೆ ಟೆಂಡರ್‌ಗಳು, ಅಂಗಡಿ ಮಳಿಗೆ ಹರಾಜು, ಬೀದಿ ದೀಪ, ಬ್ಲೀಚಿಂಗ್ ಪೌಡರ್ ಖರೀದಿ, ಯಾವುದೋ ಖರ್ಚಿಗೆ ಘಟನೋತ್ತರ ಮಂಜೂರಾತಿ, ಅಂದರೆ ದುಡ್ಡು ಖರ್ಚಾದ ಮೇಲೆ ಕೊಡುವ ಒಪ್ಪಿಗೆ. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರೆ ವಿಷಯಗಳು’.

ಓದಿದರೆ ನಿದ್ದೆ ಬರುವ ಹಾಗಿದೆ. ಆದರೆ ಅಂಚಿನಲ್ಲಿ ಚಿಕ್ಕಮ್ಮ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಾರೆ. ಚರಂಡಿ ದುರಸ್ತಿ ಅಂತ ಇರುವ ಕಡೆ: ‘ಎಷ್ಟು ಅಡಿ? ಯಾರ ಮನೆ ಮುಂದೆ ಶುರು, ಯಾರ ಮನೆ ಮುಂದೆ ಕೊನೆ?’ ಮಳಿಗೆ ಹರಾಜಿನ ಪಕ್ಕ: ‘ಹಳೇ ಬಾಡಿಗೆ ಎಷ್ಟು?’ ಘಟನೋತ್ತರ ಮಂಜೂರಾತಿಯ ಪಕ್ಕ ಒಂದೇ ಪದ: ‘ಯಾಕೆ?’

ಸಭೆಯಲ್ಲಿ ಅವರು ಭಾಷಣ ಮಾಡಿದವರಲ್ಲ. ಸುಮ್ನೆ ಈ ಪ್ರಶ್ನೆಗಳನ್ನು ಕೇಳುತ್ತಿದ್ದರು. ಉತ್ತರ ಸಿಗದಿದ್ದರೆ ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಅವರ ಬೀದಿಯ ಒಡೆದ ಚರಂಡಿ ಚಪ್ಪಡಿಗೇ ಮೂರು ಸಭೆ ಬೇಕಾಯಿತು. ಆದರೂ ಅದು ನಡಾವಳಿಯಲ್ಲಿ ದಾಖಲಾಯಿತು, ಹೊಸ ಚಪ್ಪಡಿ ಬಂತು.

ಶಿವಮೊಗ್ಗದ ಬಗ್ಗೆ ಯೋಚಿಸುವಾಗ ನನಗೆ ಈ ಪೆನ್ಸಿಲ್ ಬರಹವೇ ನೆನಪಾಗುತ್ತದೆ. ಮಹಾನಗರ ಪಾಲಿಕೆಯ ಚುನಾಯಿತ ಪರಿಷತ್ತಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. 2024 ಕಳೆಯಿತು, 2025 ಬಂತು, ಚುನಾವಣೆ ಬರಲಿಲ್ಲ. ಪಾಲಿಕೆ ಮುಚ್ಚಿಲ್ಲ. ನೀರು ಬರುತ್ತದೆ, ಕಸದ ಗಾಡಿ ಬರುತ್ತದೆ, ಟೆಂಡರ್ ಆಗುತ್ತದೆ, ಬಿಲ್ ಪಾಸಾಗುತ್ತದೆ. ನಿಂತಿದ್ದು 35 ವಾರ್ಡಿನವರು ಒಂದೇ ಸಭಾಂಗಣದಲ್ಲಿ ಕೂತು ಕೇಳುತ್ತಿದ್ದ ‘ಯಾಕೆ’ ಮಾತ್ರ.

ಆ ‘ಯಾಕೆ’ ನಮ್ಮ ಕೈಗೆ ಬಂದಿದ್ದು ಒಂದೇ ಸಲಕ್ಕೆ ಅಲ್ಲ. ಅದಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಆಡಳಿತದ ಬಗ್ಗೆ ಒಂದು ನಿರ್ಣಯ ಹೊರಡಿಸಿದ. ಊರಿನ ಕೆಲಸವನ್ನು ಊರಿನವರೇ ನೋಡಿಕೊಳ್ಳಲಿ, ಅಧಿಕಾರಿಗಳೇ ಎಲ್ಲಾ ಕಡೆ ಅಧ್ಯಕ್ಷರಾಗಿ ಕೂರುವುದು ಬೇಡ ಅನ್ನುವುದು ಅದರ ತಿರುಳು. ಮೈಸೂರು ಸಂಸ್ಥಾನ ಬ್ರಿಟಿಷರ ನೇರ ಆಳ್ವಿಕೆಯಲ್ಲಿ ಇರಲಿಲ್ಲ, ಆದರೂ ಗಾಳಿ ಇಲ್ಲಿಗೂ ಬೀಸಿತು. 1906ರಲ್ಲಿ ಸಂಸ್ಥಾನದ ಪುರಸಭೆಗಳಿಗೆ ಒಂದು ರೆಗ್ಯುಲೇಷನ್ ಬಂತು. ಸ್ವಾತಂತ್ರ್ಯದ ನಂತರ 1951ರಲ್ಲಿ ಪಟ್ಟಣ ಪುರಸಭೆಗಳಿಗೆ ಇನ್ನೊಂದು ಕಾಯ್ದೆ.

1956ರಲ್ಲಿ ರಾಜ್ಯ ಒಂದಾದಾಗ ಒಂದು ತೊಡಕು ಎದುರಾಯಿತು. ಮೈಸೂರು ಕಡೆ ಒಂದು ಕಾನೂನು, ಮುಂಬೈ ಕರ್ನಾಟಕದಲ್ಲಿ ಇನ್ನೊಂದು, ಹೈದರಾಬಾದ್ ಕರ್ನಾಟಕದಲ್ಲಿ ಮತ್ತೊಂದು. ಇದನ್ನೆಲ್ಲ ಒಟ್ಟು ಮಾಡಿದ್ದು 1964ರ ಪುರಸಭೆಗಳ ಕಾಯ್ದೆ. ಸಾಗರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರಗಳಲ್ಲಿ ಇವತ್ತಿಗೂ ಸಭೆ ನಡೆಯಬೇಕಾದದ್ದು ಇದರ ಪ್ರಕಾರವೇ. ತಿಂಗಳಿಗೆ ಒಂದಾದರೂ ಸಾಮಾನ್ಯ ಸಭೆ ಆಗಬೇಕು. ಏಳು ದಿನ ಮೊದಲು ನೋಟಿಸ್ ಕೊಡಬೇಕು. ನಡಾವಳಿ ಬರೆದಿಡಬೇಕು, ಮುಂದಿನ ಸಭೆಯಲ್ಲಿ ದೃಢೀಕರಿಸಬೇಕು. ಚಿಕ್ಕಮ್ಮನ ಅಜೆಂಡಾದ ಮೊದಲ ಸಾಲು ಬಂದಿದ್ದು ಇಲ್ಲಿಂದ. ಕಳೆದ ತಿಂಗಳು ನಾವು ಏನು ಹೇಳಿದೆವು, ಬರೆದಿದ್ದು ಅದನ್ನೇ ಹೌದಾ ಅಂತ ಸದಸ್ಯರೇ ನೋಡಿ ಒಪ್ಪುವ ಕ್ರಮ ಅದು. ಆಡಿದ ಮಾತು ಕಾಗದದಲ್ಲಿ ಬೇರೆಯಾಗಿದ್ದರೆ ಅಲ್ಲೇ ಹಿಡಿಯಬಹುದು. ಬರೇ ಶಾಸ್ತ್ರ ಅಂತ ಅದನ್ನು ಬಿಟ್ಟುಬಿಡುವ ಸದಸ್ಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾನೂನು ಇದ್ದರೂ ಒಂದು ದೊಡ್ಡ ತೂತಿತ್ತು. ಸರ್ಕಾರ ಬೇಕಾದಾಗ ಪುರಸಭೆಯನ್ನು ವಿಸರ್ಜಿಸಿ ಆಡಳಿತಾಧಿಕಾರಿಯನ್ನು ಕೂರಿಸಬಹುದಿತ್ತು. ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋದರೂ ಕೇಳುವವರು ಇರಲಿಲ್ಲ. ದೇಶದ ತುಂಬಾ ಇದೇ ಕಥೆ. ಆ ತೂತು ಮುಚ್ಚುವುದಕ್ಕೆ ಬಂದಿದ್ದೇ ಸಂವಿಧಾನದ 74ನೇ ತಿದ್ದುಪಡಿ. ಜಾರಿಯಾಗಿದ್ದು 1993ರ ಜೂನ್ 1ಕ್ಕೆ. ಅದರಲ್ಲಿ ಮಾತು ಸ್ಪಷ್ಟ: ನಗರಾಡಳಿತದ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು. ಮಧ್ಯದಲ್ಲಿ ವಿಸರ್ಜನೆಯಾದರೆ ಆರು ತಿಂಗಳೊಳಗೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಾರ್ಡ್ ವಿಂಗಡಣೆ ಆಗಿಲ್ಲ, ಮೀಸಲಾತಿ ಪಟ್ಟಿ ಮುಗಿದಿಲ್ಲ ಅಂತ ಚುನಾವಣೆ ತಡೆಯುವಂತಿಲ್ಲ ಎಂದಿತು.

ಇನ್ನು ಶಿವಮೊಗ್ಗ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 3 ಲಕ್ಷ 22 ಸಾವಿರ ದಾಟಿತ್ತು. 3 ಲಕ್ಷ ದಾಟಿದರೆ ಪಾಲಿಕೆ ಆಗಬಹುದು. ನಗರಸಭೆಯಾಗಿದ್ದ ಊರು 2013ರಲ್ಲಿ ಮಹಾನಗರ ಪಾಲಿಕೆಯಾಯಿತು. ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಇಂಗ್ಲಿಷಿನಲ್ಲೂ ಶಿಮೊಗ್ಗದಿಂದ ಶಿವಮೊಗ್ಗ ಆಗಿದ್ದು ಅದರ ಮರುವರ್ಷ, 2014ರ ನವೆಂಬರ್ 1ಕ್ಕೆ.

ಬೋರ್ಡ್ ಬದಲಾಯಿತು ಅಂತ ಸುಮ್ಮನಾಗುವ ವಿಷಯವಲ್ಲ ಇದು. ಕಾನೂನೇ ಬದಲಾಯಿತು. 1964ರ ಕಾಯ್ದೆಯಿಂದ 1976ರ ಪಾಲಿಕೆಗಳ ಕಾಯ್ದೆಗೆ ಬಂದೆವು. ನಗರಸಭೆಯ ಅಧ್ಯಕ್ಷರಿಗೆ ಮೂವತ್ತು ತಿಂಗಳ ಅವಧಿ ಇದ್ದರೆ ಮೇಯರ್‌ಗೆ ಒಂದೇ ವರ್ಷ. ಫೈಲು ಅರ್ಥವಾಗುವ ಹೊತ್ತಿಗೆ ಇಳಿಯುವ ದಿನ ಬಂದಿರುತ್ತದೆ. ಕೆಲಸ ಮಾಡಿಸುವ ಅಧಿಕಾರ ಆಯುಕ್ತರದ್ದು, ಮೇಯರ್‌ದಲ್ಲ. ಹಾಗಾಗಿ ಸದಸ್ಯರ ಕೈಯಲ್ಲಿ ಉಳಿಯುವುದು ಎರಡೇ: ನಾಲ್ಕು ಸ್ಥಾಯಿ ಸಮಿತಿಗಳು ಮತ್ತು ತಿಂಗಳ ಸಾಮಾನ್ಯ ಸಭೆ. ತೆರಿಗೆ ಮತ್ತು ಹಣಕಾಸಿಗೆ ಒಂದು ಸಮಿತಿ, ಆರೋಗ್ಯ ಮತ್ತು ಶಿಕ್ಷಣಕ್ಕೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು. ಊರಿನ ಶಾಸಕರು, ಸಂಸದರೂ ಸಭೆಯಲ್ಲಿ ಕೂರಬಹುದು, ಮತ ಹಾಕಬಹುದು.

ಈ ಸಭೆಗಳಲ್ಲಿ ಏನು ಮಾತಾಗುತ್ತದೆ ಅಂತ ತಿಳಿಯಬೇಕಾದರೆ ಆಕಾಶ ನೋಡಿದರೆ ಸಾಕು. ಮಲೆನಾಡಿನ ಊರಿನಲ್ಲಿ ಅಜೆಂಡಾ ಬರೆಯುವುದು ಮಳೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ಮತ್ತು ಬೋರ್‌ವೆಲ್. ಮೇ ಬಂದರೆ ರಾಜಕಾಲುವೆ ಹೂಳು: ತೆಗೆದರಾ, ತೆಗೆದಿದ್ದನ್ನು ದಡದಲ್ಲೇ ಬಿಟ್ಟರಾ? ಜೂನ್‌ನಲ್ಲಿ ಬಿದ್ದ ಮರ, ಬಾಗಿದ ಕಂಬ. ಆಮೇಲೆ ತುಂಗೆ ಏರುತ್ತಾಳೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ‘ಮಂಟಪ ಮುಳುಗಿತಂತೆ’ ಅನ್ನುವುದೇ ಶಿವಮೊಗ್ಗದವರಿಗೆ ಮಳೆಯ ಅಳತೆ. ಕೊಡೆ ಹಿಡಿದು ಮಕ್ಕಳು ಮರಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಹೊಳೆಗೆ ಬಾಗಿನ ಕೊಡುತ್ತಾರೆ. 2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆಯಂಥ ತಗ್ಗಿನ ಜಾಗಗಳಿಗೆ ನುಗ್ಗಿತು. ಅಂಥ ವರ್ಷ ಸಭೆಯಲ್ಲಿ ಬೇರೆ ವಿಷಯ ಎಲ್ಲಿಂದ ಬರಬೇಕು? ಮಳೆ ಇಳಿದ ಮೇಲೆ ರಸ್ತೆ ಗುಂಡಿ. ಜೊತೆಗೇ ದಸರಾ. ಸಕ್ರೆಬೈಲಿನ ಆನೆ, ಹಳೇ ಜೈಲಿನ ಮೈದಾನದಲ್ಲಿ ಬನ್ನಿ ಮುಡಿಯುವುದು, ಅದಕ್ಕೆ ಎಷ್ಟು ದುಡ್ಡು, ಯಾವ ಸಮಿತಿಗೆ ಯಾರು. ಫೆಬ್ರುವರಿ–ಮಾರ್ಚ್‌ನಲ್ಲಿ ಬಜೆಟ್. ನಡುವೆ ವರ್ಷಪೂರ್ತಿ ಬರುವ ಮಾತುಗಳೂ ಇವೆ: ಅನುಪಿನಕಟ್ಟೆಗೆ ಹೋಗುವ ಕಸ, ಹೊಳೆ ಸೇರುವ ಕೊಳಚೆ, ಬೀದಿ ನಾಯಿ, ಗಾಂಧಿ ಬಜಾರಿನ ಇಕ್ಕಟ್ಟು.

ಬಜೆಟ್‌ನಲ್ಲಿ ಜನ ಗಮನಿಸದ ಒಂದು ಸಾಲು ಇರುತ್ತದೆ: ಶೇ 24.10, ಶೇ 7.25, ಶೇ 5. ಮೊದಲನೆಯದು ಪರಿಶಿಷ್ಟ ಜಾತಿ, ಪಂಗಡದವರಿಗೆ. ಎರಡನೆಯದು ಇತರ ಬಡವರಿಗೆ. ಮೂರನೆಯದು ಅಂಗವಿಕಲರಿಗೆ. ಇದು ಕೊಟ್ಟರೆ ಕೊಟ್ಟರು ಬಿಟ್ಟರೆ ಬಿಟ್ಟರು ಅನ್ನುವ ದುಡ್ಡಲ್ಲ, ಎತ್ತಿಡಲೇಬೇಕಾದ ದುಡ್ಡು. ಅದು ಹೊಲಿಗೆ ಯಂತ್ರವಾಯಿತಾ, ತ್ರಿಚಕ್ರ ವಾಹನವಾಯಿತಾ, ಓದುವ ಮಕ್ಕಳಿಗೆ ಸಹಾಯವಾಯಿತಾ, ಇಲ್ಲಾ ಖರ್ಚಾಗದೆ ಉಳಿಯಿತಾ? ತನ್ನ ವಾರ್ಡಿನ ಫಲಾನುಭವಿಗಳ ಮುಖ ಗೊತ್ತಿರುವವರು ಇದನ್ನು ಕೇಳುವುದಕ್ಕೂ ಕಂಪ್ಯೂಟರ್‌ನಲ್ಲಿ ಪಟ್ಟಿ ನೋಡುವವರು ಕೇಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಆಸ್ತಿ ತೆರಿಗೆ ಇನ್ನೊಂದು. ಮೊದಲು ಮೂರು ವರ್ಷಕ್ಕೊಮ್ಮೆ ಶೇ 15ರಿಂದ 30ರವರೆಗೆ ಏರಿಸುವ ಕ್ರಮವಿತ್ತು. ಆ ವಿಷಯ ಸಭೆಗೆ ಬಂದರೆ ಗಲಾಟೆ ಗ್ಯಾರಂಟಿ. ಏರಿಸಿದವರು ಮರುದಿನ ಅದೇ ಬೀದಿಯಲ್ಲಿ ಓಡಾಡಬೇಕಲ್ಲ. ನಂತರದ ತಿದ್ದುಪಡಿಯಲ್ಲಿ ತೆರಿಗೆಯನ್ನು ಮಾರ್ಗಸೂಚಿ ದರಕ್ಕೆ, ಅಂದರೆ ಆಸ್ತಿಗೆ ಸರ್ಕಾರ ಗೊತ್ತು ಮಾಡುವ ಬೆಲೆಗೆ ಜೋಡಿಸಿ, ವರ್ಷವರ್ಷವೂ ಶೇ 3ರಿಂದ 5ರಷ್ಟು ಏರುವ ಹಾಗೆ ಮಾಡಿದರು. ದೊಡ್ಡ ಗಲಾಟೆಯ ವಿಷಯವೊಂದು ಸಣ್ಣದಾಯಿತು.

2016ರಲ್ಲಿ ಶಿವಮೊಗ್ಗ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಮಿಷನ್ ಪಟ್ಟಿಗೆ ಸೇರಿದಾಗ ಸಭೆಯ ಕೈಯಿಂದ ಇನ್ನಷ್ಟು ಜಾರಿತು. ಆ ಕೆಲಸಗಳಿಗೆ ಪ್ರತ್ಯೇಕ ಕಂಪನಿ. ರಸ್ತೆ, ಫುಟ್‌ಪಾತ್, ಕನ್ಸರ್ವೆನ್ಸಿ (ಮನೆಗಳ ಹಿಂದಿನ ಓಣಿ), ತುಂಗೆಯ ದಡ, ಊರಿನ ಮುಖ ಬದಲಿಸಿದ ಇಂಥ ಕಾಮಗಾರಿಗಳು ತೀರ್ಮಾನವಾಗುತ್ತಿದ್ದದ್ದು ಕಂಪನಿಯ ಬೋರ್ಡಿನಲ್ಲಿ. ಆದರೆ ಮನೆ ಮುಂದೆ ಅಗೆದು ಹಾಕಿದಾಗ ಜನ ಫೋನ್ ಮಾಡುತ್ತಿದ್ದದ್ದು ಕಾರ್ಪೊರೇಟರ್‌ಗೆ. 2025ರ ಮಾರ್ಚ್‌ಗೆ ಮಿಷನ್ ಮುಗಿಯಿತು.

ಪಾಲಿಕೆಗೆ ಕೊನೆಯದಾಗಿ ನಾವು ಮತ ಹಾಕಿದ್ದು 2018ರ ಆಗಸ್ಟ್ 31ಕ್ಕೆ. 35 ವಾರ್ಡಿನಲ್ಲಿ ಬಿಜೆಪಿ 20 ಗೆದ್ದಿತು. ಐದು ವರ್ಷದ ಲೆಕ್ಕ ಶುರುವಾಗುವುದು ಮತ ಹಾಕಿದ ದಿನದಿಂದ ಅಲ್ಲ, ಪರಿಷತ್ತಿನ ಮೊದಲ ಸಭೆಯಿಂದ. ಅದಕ್ಕೇ ಅವಧಿ 2023ರ ನವೆಂಬರ್‌ವರೆಗೆ ಬಂತು. ಆಮೇಲೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಪರಿಷತ್ತಿನ ಅಧಿಕಾರ, ಸ್ಥಾಯಿ ಸಮಿತಿಗಳ ಅಧಿಕಾರ ಎಲ್ಲಾ ಒಂದೇ ಕುರ್ಚಿಗೆ. ಅಧಿಕಾರಿಗಳ ಪ್ರಾಮಾಣಿಕತೆಯ ಬಗ್ಗೆ ನನ್ನ ತಕರಾರಿಲ್ಲ. ಒಳ್ಳೆಯ ಅಧಿಕಾರಿಯೂ ಗೋಪಾಳದ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ತುಂಗಾನಗರದ ಯಾವ ಕಂಬದ ದೀಪ ಉರಿಯುವುದಿಲ್ಲ ಅಂತ ತಿಳಿಯುವುದು ಯಾರಾದರೂ ಹೇಳಿದರೆ ತಾನೆ.

ವಾರ್ಡ್ ಸಮಿತಿ ಇದೆಯಲ್ಲ ಅಂತ ಕೇಳಬಹುದು. 3 ಲಕ್ಷ ದಾಟಿದ ಊರಿಗೆ ಅದು ಬೇಕೇ ಬೇಕು ಅಂತ ಸಂವಿಧಾನವೇ ಹೇಳುತ್ತದೆ. ರಾಜ್ಯದಲ್ಲಿ ಅದಕ್ಕೆ 2016ರಲ್ಲಿ ನಿಯಮಗಳೂ ಬಂದವು. ಆದರೆ ಒಂದು ವಾರ್ಡಿನ ಸಮಿತಿಗೆ ಅಧ್ಯಕ್ಷರು ಆ ವಾರ್ಡಿನ ಕಾರ್ಪೊರೇಟರೇ. ಅವರೇ ಇಲ್ಲದಾಗ?

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಡಳಿತಾಧಿಕಾರಿಯ ತೀರ್ಮಾನಗಳೂ ಕಾಗದದಲ್ಲೇ ಇರುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ನಡಾವಳಿ, ಅಂದಾಜು ಪಟ್ಟಿ, ಬಿಲ್ಲು, ಏನು ಬೇಕಾದರೂ ಕೇಳಬಹುದು.

ಕಳೆದ ತಿಂಗಳು ನಾನೂ ಒಂದು ಅರ್ಜಿ ಬರೆದೆ. ನಮ್ಮ ಬೀದಿಯ ಚರಂಡಿ ದುರಸ್ತಿ ಬಗ್ಗೆ. ‘ಸದರಿ ಕಾಮಗಾರಿಯ ಸಂಪೂರ್ಣ ವಿವರ ಒದಗಿಸಬೇಕಾಗಿ ಕೋರಿಕೆ’ ಅಂತ ಶುರು ಮಾಡಿದ್ದೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಓದಿದರು. ಹಾಗೆ ಕೇಳಿದರೆ ಅವರೂ ಹಾಗೇ ಉತ್ತರ ಕೊಡುತ್ತಾರೆ ಅಂದರು. ಆ ಸಾಲು ಹೊಡೆದು ಹಾಕಿ, ಕೆಳಗೆ ಪೆನ್ಸಿಲ್‌ನಲ್ಲಿ ತಾವೇ ಬರೆದುಕೊಟ್ಟರು: ಎಷ್ಟು ಅಡಿ? ಯಾರ ಮನೆ ಮುಂದೆ ಶುರು, ಯಾರ ಮನೆ ಮುಂದೆ ಕೊನೆ?